ಹತ್ತೇ ನಿಮಿಷ, ಬೇಗ ಬನ್ನಿ

ಇಪ್ಪತ್ತಾರು ವರ್ಷ ತಿಪಟೂರು ಸೀಮೆಯ ಪ್ರೌಢಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಗಣಿತದವರಿಗೆ ಪೋರ್ಷನ್ ಮುಗಿದಿಲ್ಲ ಎಂದರೆ ಮೊದಲು ಹೋಗುತ್ತಿದ್ದದ್ದು ನನ್ನ ಪೀರಿಯಡ್ಡು. ಅದಕ್ಕೆ ಬದಲಾಗಿ ಯಾರಿಗೂ ಬೇಡದ ಎರಡು ಕೆಲಸ ನನ್ನ ಪಾಲಿಗೆ ಖಾಯಂ ಆಗಿದ್ದವು. ಒಂದು, ಸಮಾರಂಭಗಳಿಗೆ ಬ್ಯಾನರ್ ಬರೆಯುವುದು. ಇನ್ನೊಂದು, ಡಿಸೆಂಬರಿನ ಶೈಕ್ಷಣಿಕ ಪ್ರವಾಸ.

ಬೆಳಗಿನ ಜಾವ ನಾಲ್ಕಕ್ಕೆ ಬಸ್ಸು ಬಿಡಬೇಕು. ಶ್ರವಣಬೆಳಗೊಳದ ಬೆಟ್ಟ ಹತ್ತಿ ಇಳಿದು ತಿಂಡಿ. ಶ್ರೀರಂಗಪಟ್ಟಣದಲ್ಲಿ ರಂಗನಾಥಸ್ವಾಮಿ, ದರಿಯಾ ದೌಲತ್, ಗುಂಬಜ್. ಕಟ್ಟಿಕೊಂಡು ಬಂದ ಪುಳಿಯೋಗರೆ ಯಾವುದಾದರೂ ಮರದ ಕೆಳಗೆ. ಆಮೇಲೆ ಮೈಸೂರಿನ ಮೃಗಾಲಯ, ಅರಮನೆ, ಸಂತ ಫಿಲೋಮಿನಾ ಚರ್ಚು. ಕತ್ತಲಾಗುವುದರೊಳಗೆ ಕೆಆರ್‌ಎಸ್ ಸೇರಲೇಬೇಕು. ಬೃಂದಾವನದ ದೀಪ, ಕಾರಂಜಿ ತಪ್ಪಿಸಿದರೆ ಮಕ್ಕಳು ವರ್ಷವಿಡೀ ನಮ್ಮನ್ನು ಕ್ಷಮಿಸುವುದಿಲ್ಲ. ಈ ಪಟ್ಟಿಯನ್ನು ಟೈಪ್ ಮಾಡಿಸಿ ಅನುಮತಿಗೆ ಕಳಿಸುತ್ತಿದ್ದವನು ನಾನೇ. ಪಟ್ಟಿ ಉದ್ದವಿದ್ದಷ್ಟೂ ಪೋಷಕರಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ ಎಂಬ ಸಮಾಧಾನ, ಹೆಡ್‌ಮಾಸ್ತರಿಗೆ ಪಕ್ಕದ ಶಾಲೆಗಿಂತ ಎರಡು ಸ್ಥಳ ಹೆಚ್ಚು ತೋರಿಸಿದೆವು ಎಂಬ ಬಿಗುಮಾನ.

ಚರ್ಚಿಗೆ ಬರುವ ಹೊತ್ತಿಗೆ ಯಾವಾಗಲೂ ತಡವಾಗಿರುತ್ತಿತ್ತು. ಅರಮನೆಯಲ್ಲಿ ಚಪ್ಪಲಿ ಹುಡುಕುವುದರಲ್ಲೇ ಅರ್ಧ ಗಂಟೆ ಹೋಗಿರುತ್ತಿತ್ತು. ಬಸ್ಸಿನ ಬಾಗಿಲಲ್ಲಿ ನಿಂತು ನಾನು ಕೂಗುತ್ತಿದ್ದ ಮಾತು ಒಂದೇ: "ಹತ್ತೇ ನಿಮಿಷ, ಬೇಗ ಬನ್ನಿ!" ಐವತ್ತು ಮಕ್ಕಳು ಸಾಲಾಗಿ ಒಳಗೆ ನುಗ್ಗಿ, ನೆಲಮಾಳಿಗೆಯ ಇಕ್ಕಟ್ಟಿನ ಮೆಟ್ಟಿಲಿಳಿದು, ಮಲಗಿರುವ ಫಿಲೋಮಿನಾಳ ಪ್ರತಿಮೆಯನ್ನು ಗಾಜಿನಾಚೆಯಿಂದ ಇಣುಕಿ, ಹೊರಗೆ ಬಂದು, ಎರಡು ಗೋಪುರ ಕಾಣುವಂತೆ ನಿಂತು ಫೋಟೊ ತೆಗೆಸಿಕೊಂಡರೆ ಮುಗಿಯಿತು. ಅಡಿಗಲ್ಲು 1933ರಲ್ಲಿ, ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು, ಎತ್ತರ 175 ಅಡಿ, ಜರ್ಮನಿಯ ಕಲೋನ್ ಚರ್ಚಿನ ಮಾದರಿ. ಇಷ್ಟನ್ನು ಬಸ್ಸಿನಲ್ಲೇ ಉರು ಹೊಡೆಸಿರುತ್ತಿದ್ದೆ. ಸಂಜೆಯ ಬಿಸಿಲು ಬಣ್ಣದ ಗಾಜಿನ ಕಿಟಕಿಯಿಂದ ಒಳಗೆ ಹೇಗೆ ಬೀಳುತ್ತದೆ ಎಂಬುದನ್ನು ಚಿತ್ರಕಲೆ ಕಲಿಸುವ ನಾನು ಒಂದು ಮಗುವಿಗೂ ತೋರಿಸಿರಲಿಲ್ಲ. ನಾನೇ ನೋಡಿರಲಿಲ್ಲ, ಇನ್ನು ತೋರಿಸುವುದೆಲ್ಲಿ ಬಂತು?

ಒಂದು ವರ್ಷ ಅಲ್ಲಿ ಒಬ್ಬ ಹೆಂಗಸು ಬೆಂಚಿನ ಹತ್ತಿರ ಮೊಣಕಾಲೂರಿ ಕೂತಿದ್ದರು. ಪಕ್ಕದಲ್ಲಿ ತರಕಾರಿ ತುಂಬಿದ ವೈರ್ ಬುಟ್ಟಿ, ಕಣ್ಣಲ್ಲಿ ನೀರು. ನಮ್ಮ ಹುಡುಗರು ಅವರ ಎರಡೂ ಪಕ್ಕದಲ್ಲಿ ದಬದಬ ಓಡಿದರು. ಒಬ್ಬ ಬುಟ್ಟಿ ಎಡವಿದ. ಒಂದು ಟೊಮೇಟೊ ಉರುಳಿತು. ಆಕೆ ಬಯ್ಯಲಿಲ್ಲ. ಟೊಮೇಟೊ ಎತ್ತಿ ಬುಟ್ಟಿಗೆ ಹಾಕಿಕೊಂಡು, ಗೋಡೆಯ ಕಡೆಗೆ ಸರಿದು, ಮತ್ತೆ ಕಣ್ಣು ಮುಚ್ಚಿದರು. ನಮ್ಮೂರ ಕೆಂಪಮ್ಮನ ಗುಡಿಯಲ್ಲಿ ಯಾರಾದರೂ ಹೀಗೆ ನುಗ್ಗಿದ್ದರೆ ನಾನೇ ಕೋಲು ಹಿಡಿದು ನಿಲ್ಲುತ್ತಿದ್ದೆ. ಆದರೆ ಆ ದಿನ ನಾನು ಗಡಿಯಾರ ನೋಡಿಕೊಂಡು ಹುಡುಗರನ್ನು ಇನ್ನಷ್ಟು ಬೇಗ ಹೊರಡಿಸಿದೆ, ಅಷ್ಟೆ.

ಶ್ರೀರಂಗಪಟ್ಟಣದ ಕತೆ ಇನ್ನೂ ನಾಚಿಕೆಗೇಡು. ದರಿಯಾ ದೌಲತ್‌ನಿಂದ ಗುಂಬಜ್ ಕಡೆಗೆ ಹೋಗುವಾಗ ಗಂಜಾಂ ಸಿಗುತ್ತದೆ. ಅಲ್ಲೊಂದು ಸಣ್ಣ ಹಳೆಯ ಚರ್ಚಿದೆ. ಹದಿನಾಲ್ಕು ವರ್ಷ ಆ ಕಡೆ ಬಸ್ಸು ಓಡಿಸಿಕೊಂಡು ಹೋಗಿದ್ದೇನೆ, ಒಮ್ಮೆಯೂ ತಲೆ ತಿರುಗಿಸಿರಲಿಲ್ಲ. ಹದಿನೈದನೇ ವರ್ಷ ಎಂಟನೇ ಕ್ಲಾಸಿನ ಹುಡುಗನೊಬ್ಬನಿಗೆ ಹಿಂದಿನ ಸೀಟಿನಲ್ಲಿ ವಾಂತಿ ಶುರುವಾಯಿತು. ಡ್ರೈವರ್ ಬಸ್ಸು ಪಕ್ಕಕ್ಕೆ ಹಾಕಿ, "ಮೇಷ್ಟ್ರೇ, ಅವನನ್ನ ಇಳಿಸ್ಕಳಿ, ಸೀಟೆಲ್ಲ ಹಾಳಾಯ್ತದೆ" ಎಂದರು. ಹುಡುಗನ ತಲೆ ಹಿಡಿದುಕೊಂಡು ನಿಂತಿದ್ದಾಗ ಚರ್ಚಿನ ಕಡೆಯಿಂದ ಒಬ್ಬ ಮುದುಕರು ಚೊಂಬಿನಲ್ಲಿ ನೀರು ತಂದುಕೊಟ್ಟರು. ಹುಡುಗ ಬಾಯಿ ಮುಕ್ಕಳಿಸುತ್ತಿದ್ದ. ಮಾತಿಗೆ ಮಾತು ಬಂತು. "ಇದು ದೊಡ್ಡಸ್ವಾಮಿಯವರು ಕಟ್ಟಿಸಿದ್ದು ಸ್ವಾಮಿ, ಟಿಪ್ಪು ಹೋದ ಮ್ಯಾಲೆ" ಎಂದರು ಅವರು.

ದೊಡ್ಡಸ್ವಾಮಿಯವರು ಎಂದರೆ ಯಾವುದೋ ಮಠದವರಿರಬೇಕು ಎಂದುಕೊಂಡೆ. ರಜೆಯಲ್ಲಿ ಲೈಬ್ರರಿಗೆ ಹೋಗಿ ಹುಡುಕಿದಾಗ ತಿಳಿಯಿತು, ಆತ ಅಬ್ಬೆ ದುಬ್ವಾ. ಫ್ರಾನ್ಸಿನ ಕ್ರಾಂತಿಯ ಗಲಾಟೆಯಲ್ಲಿ, 1792ರಲ್ಲಿ ದೇಶ ಬಿಟ್ಟು ಬಂದ ಪಾದ್ರಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲ್ಲಿನ ಚದುರಿಹೋದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವರು. ಆ ಕ್ರೈಸ್ತರಲ್ಲಿ ಹಲವರು 1784ರಲ್ಲಿ ಕರಾವಳಿಯಿಂದ ಸೆರೆಯಾಗಿ ಘಟ್ಟ ಹತ್ತಿ ಬಂದವರು. ಟಿಪ್ಪುವಿನ ಬೇಸಿಗೆ ಅರಮನೆಯ ಗೋಡೆಯಲ್ಲಿ ಪೊಳ್ಳಿಲೂರು ಯುದ್ಧದ ಚಿತ್ರ ನೋಡಿ, ಅವನ ಸಮಾಧಿ ನೋಡಲು ಹೊರಟ ಮಕ್ಕಳಿಗೆ, ಆ ಎರಡರ ನಡುವಿನ ಕತೆಯ ಇನ್ನೊಂದು ಎಳೆ ಇದ್ದದ್ದು ನಾವು ನಿಲ್ಲಿಸದೇ ಹೋಗುತ್ತಿದ್ದ ಈ ಜಾಗದಲ್ಲಿ.

ದುಬ್ವಾ ನಮ್ಮವರಂತೆ ಉಟ್ಟು, ನಮ್ಮವರಂತೆ ಉಂಡು ಮೈಸೂರು ಸೀಮೆಯಲ್ಲಿ ಓಡಾಡಿದರು. ಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಆಗ ಲಸಿಕೆಯನ್ನು ಒಬ್ಬರ ತೋಳಿನ ಬೊಬ್ಬೆಯಿಂದ ತೆಗೆದು ಇನ್ನೊಬ್ಬರ ತೋಳಿಗೆ ಹಾಕಬೇಕಿತ್ತು. ಯಾರ ತೋಳು, ಯಾವ ಜಾತಿ ಎಂದು ಕೇಳುವ ಊರುಗಳಲ್ಲಿ ಅದು ಎಂಥ ಕೆಲಸವಾಗಿದ್ದಿರಬೇಕು, ನೀವೇ ಊಹಿಸಿ. ಒಂದೆರಡು ವರ್ಷದೊಳಗೆ ಅವರು 25 ಸಾವಿರಕ್ಕೂ ಹೆಚ್ಚು ಜನರಿಗೆ ಹಾಕಿಸಿದರು. ಅದೇ ಕಾಲದಲ್ಲಿ, 1805ರ ಸುಮಾರಿಗೆ, ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರಿನ ಮೂವರು ರಾಣಿಯರ ತೈಲಚಿತ್ರ ಬರೆದ. ಅದರಲ್ಲಿ ಕಿರಿಯ ರಾಣಿಯೊಬ್ಬಳು ಸೆರಗನ್ನು ತುಸು ಸರಿಸಿ ತೋಳು ತೋರಿಸುತ್ತಿರುವುದು ಲಸಿಕೆಯ ಪ್ರಚಾರಕ್ಕೇ ಎಂದು ಇತಿಹಾಸಕಾರರೊಬ್ಬರು ವಾದಿಸಿದ್ದಾರೆ. ನಮ್ಮ ಮಕ್ಕಳ ವಿಜ್ಞಾನ, ಸಮಾಜ, ಚಿತ್ರಕಲೆ ಮೂರೂ ಪೀರಿಯಡ್ಡು ಸೇರುವ ಜಾಗವದು. ಸೀಟಿಗೆ ವಾಂತಿಯಾಗದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಹಾಗೆಂದು ದುಬ್ವಾಗೆ ಹಾರ ಹಾಕಿಸಬೇಕೆಂದು ನಾನು ಹೇಳುತ್ತಿಲ್ಲ. ಹಿಂದೂಗಳ ಆಚಾರ ವಿಚಾರದ ಬಗ್ಗೆ ಆತ ಬರೆದ ಹಸ್ತಪ್ರತಿಯನ್ನು ಕಂಪನಿ ಸರ್ಕಾರ ಎರಡು ಸಾವಿರ ವರಹ ಕೊಟ್ಟು ಕೊಂಡಿತು. ಅದು ಜಗತ್ಪ್ರಸಿದ್ಧವೂ ಆಯಿತು. ಅದರಲ್ಲಿ ಬಹಳಷ್ಟು ಕೂರ್ದು ಎಂಬ ಇನ್ನೊಬ್ಬ ಹಿರಿಯ ಪಾದ್ರಿಯ ಬರಹದಿಂದ ಎತ್ತಿದ್ದು ಎಂಬುದು ಇಪ್ಪತ್ತನೇ ಶತಮಾನದಲ್ಲಿ ಬಯಲಾಯಿತು. ಪಕ್ಕದವನ ಡ್ರಾಯಿಂಗ್ ನೋಡಿ ಬರೆದರೆ ನಾನು ಕಿವಿ ಹಿಂಡುತ್ತಿದ್ದೆ. ಇವರ ಕಿವಿ ಹಿಂಡುವವರು ಬರಲು ನೂರೈವತ್ತು ವರ್ಷವೇ ಬೇಕಾಯಿತು. ಇಂಥ ಗಂಟುಗಳಿರುವ ಮನುಷ್ಯನ ಕತೆಯನ್ನೇ ಮಕ್ಕಳು ಮರೆಯುವುದಿಲ್ಲ. ಮರುವರ್ಷ ಗಂಜಾಂನಲ್ಲಿ ಬಸ್ಸು ನಿಲ್ಲಿಸಿ ಇದನ್ನೆಲ್ಲ ಹೇಳಿದೆ. ಅದಕ್ಕಾಗಿ ಮೃಗಾಲಯ ಬಿಡಬೇಕಾಯಿತು. ಒಂದು ವಾರ ನನ್ನನ್ನು ಯಾವ ಮಗುವೂ ಮಾತಾಡಿಸಲಿಲ್ಲ, ಅದು ಬೇರೆ ಮಾತು.

ನಿವೃತ್ತನಾದ ಮೇಲೆ ಪಟ್ಟಿ, ಸೀಟಿ ಯಾವುದೂ ಇಲ್ಲದೆ ಮಂಗಳೂರಿಗೆ ಹೋದೆ. ಹೋದದ್ದು ಸಂಬಂಧಿಕರ ಮದುವೆಗೆ. ಮಾರನೆಯ ದಿನ ಮನೆಯವಳನ್ನೂ ಕರೆದುಕೊಂಡು ಲೈಟ್‌ಹೌಸ್ ಹಿಲ್‌ನ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋದೆ. ಗೋಡೆ, ಚಾವಣಿ, ಕಮಾನು, ಎಲ್ಲೂ ಖಾಲಿ ಜಾಗವಿಲ್ಲದಂತೆ ಚಿತ್ರ. ಬರೆದವರು ಆಂಟೋನಿಯೊ ಮೊಸ್ಕೆನಿ, ಇಟಲಿಯ ಬೆರ್ಗಾಮೊ ಬಳಿಯ ಸ್ಟೆಝಾನೊ ಎಂಬ ಊರಿನವರು, ಜೆಸುಯಿಟ್ ಬ್ರದರ್. 1899ರಿಂದ 1901ರವರೆಗೆ ಬರೆದರು. ನಾಲ್ಕೇ ವರ್ಷಕ್ಕೆ, 1905ರಲ್ಲಿ, ಕೊಚ್ಚಿಯಲ್ಲಿ ತೀರಿಕೊಂಡರು. ಚಾವಣಿಯಲ್ಲಿರುವುದು ಕ್ಯಾನ್ವಾಸಿನ ಮೇಲಿನ ಎಣ್ಣೆಬಣ್ಣ. ಗೋಡೆಗಳದ್ದು ಫ್ರೆಸ್ಕೊ, ಅಂದರೆ ಹಸಿ ಗಾರೆಯ ಮೇಲೆ ಬರೆದದ್ದು.

ಹಸಿ ಗಾರೆ ಎಂದರೇನು ಎಂಬುದು ನನಗೆ ಮೈಮೇಲೆ ಬಂದ ಪಾಠ. ಒಮ್ಮೆ ಹುಮ್ಮಸ್ಸಿನಲ್ಲಿ ನಮ್ಮ ಶಾಲೆಯ ಹಿಂದಿನ ಗೋಡೆಗೆ ಫ್ರೆಸ್ಕೊ ಬರೆಸಲು ಹೊರಟಿದ್ದೆ. ಸುಣ್ಣ ಅರಳಿಸಿ, ಜರಡಿ ಹಿಡಿದ ಮರಳು ಬೆರೆಸಿ, ಮೇಸ್ತ್ರಿಯೊಬ್ಬರಿಂದ ಎರಡು ಮೊಳ ಜಾಗಕ್ಕೆ ಮೆತ್ತಿಸಿದೆ. ಗಾರೆ ಒಣಗುವುದರೊಳಗೆ ಬಣ್ಣ ಹಚ್ಚಿ ಮುಗಿಸಬೇಕು. ಆಗ ಸುಣ್ಣ ಗಾಳಿಗೆ ಗಟ್ಟಿಯಾಗುತ್ತಾ ಬಣ್ಣವನ್ನು ತನ್ನೊಳಗೇ ಕಚ್ಚಿಕೊಳ್ಳುತ್ತದೆ. ತಡವಾದರೆ ಬಣ್ಣ ಮೇಲೇ ನಿಲ್ಲುತ್ತದೆ, ಬೆರಳಿಗೆ ಅಂಟಿ ಬರುತ್ತದೆ. ತಪ್ಪಿದರೆ ಅಳಿಸಲು ಬರುವುದಿಲ್ಲ. ಅಷ್ಟೂ ಕೆತ್ತಿ ತೆಗೆದು ಹೊಸದಾಗಿ ಮೆತ್ತಬೇಕು. ಮಾರ್ಚಿ ಬಿಸಿಲಿನಲ್ಲಿ ನಾನು ಒಂದು ನವಿಲಿನ ಕತ್ತು ಮುಗಿಸುವುದರೊಳಗೆ ಗೋಡೆ ಒಣಗಿ ಕೂತಿತ್ತು. ಅಂಗಡಿಯಿಂದ ತಂದ ಹಸಿರು ಪುಡಿಯನ್ನು ಸುಣ್ಣ ತಿಂದುಹಾಕಿತು. ಮಳೆಗಾಲ ಮುಗಿದ ಮೇಲೆ ಉಳಿದದ್ದು ಕೆಮ್ಮಣ್ಣಿನಲ್ಲಿ ಬರೆದ ಎರಡು ಕಾಲು ಮಾತ್ರ. ಕತ್ತಿಲ್ಲದ ನವಿಲು ಎಂದು ಹುಡುಗರು ನನಗೊಂದು ಹೆಸರೂ ಇಟ್ಟರು.

ಆ ಕಣ್ಣಿನಿಂದ ಮಂಗಳೂರಿನ ಗೋಡೆ ನೋಡಿದೆ. ಉಪ್ಪುಗಾಳಿ, ನಾಲ್ಕು ತಿಂಗಳು ಬಿಡದ ಮಳೆ, ಅದರ ನಡುವೆ ನೂರು ವರ್ಷ ದಾಟಿದ ಬಣ್ಣ. ಹಿಂದಿನ ಬೆಂಚಿನಲ್ಲಿ ಒಂದೂವರೆ ಗಂಟೆ ಕೂತೆವು. ಮೊದಲ ಕಾಲು ಗಂಟೆ ಏನೂ ಕಾಣುವುದಿಲ್ಲ, ಬರೀ ಜಾತ್ರೆ. ಆಮೇಲೆ ಒಬ್ಬೊಬ್ಬರಾಗಿ ಬಿಡಿಬಿಡಿಯಾಗಿ ಕಾಣತೊಡಗುತ್ತಾರೆ. ಅಲೋಶಿಯಸ್ ಗೊನ್ಝಾಗ ಎಂಬ ಶ್ರೀಮಂತರ ಮನೆಯ ಹುಡುಗ ಆಸ್ತಿ ಬಿಟ್ಟು ಹೋಗಿ, ರೋಮಿನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಾ ಇಪ್ಪತ್ತಮೂರಕ್ಕೇ ಸತ್ತದ್ದು ಅಲ್ಲಿ ಚಿತ್ರವಾಗಿದೆ. ಮನೆಯವಳು ಕತ್ತು ಎತ್ತಿ ಎತ್ತಿ ನೋವು ಬಂದು, ಸೆರಗು ಮಡಿಸಿ ಬೆಂಚಿನ ಅಂಚಿಗಿಟ್ಟು ಅದಕ್ಕೆ ತಲೆ ಆನಿಸಿಕೊಂಡಳು. "ನಮ್ಮ ಪ್ಲೇಗಿನಮ್ಮನ ಗುಡಿ ಇದ್ದ ಹಾಗೆ ಕಣ್ರೀ ಇದೂನೂ" ಎಂದಳು. ಇಪ್ಪತ್ತಾರು ವರ್ಷ ನಾನು ಮಾಡಿದ ಪಾಠದಲ್ಲಿ ಇಂಥ ಒಂದು ವಾಕ್ಯ ಇರಲಿಲ್ಲ. ಅಷ್ಟರಲ್ಲಿ ಹೊರಗೆ ಒಂದು ಟೂರಿಸ್ಟ್ ಬಸ್ಸು ಬಂದು ನಿಂತಿತು. ಯಾರೋ ಮೇಷ್ಟ್ರು ಬಾಗಿಲಲ್ಲಿ ಕೂಗಿದರು. ಏನೆಂದು ಕೂಗಿದರು ಎಂದು ಬೇರೆ ಹೇಳಬೇಕಿಲ್ಲ.

ಈಗ ಮೊಬೈಲ್ ಬಂದು ಹತ್ತು ನಿಮಿಷ ಮೂರಕ್ಕಿಳಿದಿದೆ. ಹಾಸನದ ಹತ್ತಿರ ಶೆಟ್ಟಿಹಳ್ಳಿಯ ರೋಸರಿ ಚರ್ಚು, ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುತ್ತದಲ್ಲ, ಅಲ್ಲಿಗೆ ಕಳೆದ ಫೆಬ್ರವರಿಯಲ್ಲಿ ಹೋಗಿದ್ದೆ. ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವ ಜೋಡಿಯೊಂದು ಮುರಿದ ಕಮಾನಿನ ಕೆಳಗೆ ಬಣ್ಣದ ಹೊಗೆ ಬಿಡಿಸುತ್ತಿತ್ತು. ಒಬ್ಬ ಹುಡುಗ ಗೋಡೆಯ ಮೇಲೆ ಹತ್ತಿ ನಿಂತಿದ್ದ. ಅವನ ಬೂಟಿನಡಿಯಿಂದ ಇಟ್ಟಿಗೆಯ ಚೂರು ಉದುರುತ್ತಿತ್ತು. ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೇ ಶತಮಾನದಲ್ಲಿ ಕಟ್ಟಿದ್ದು ಎಂದು ಎಲ್ಲರಿಗೂ ಗೊತ್ತು. ಆ ನೀರಿನಡಿಯಲ್ಲಿ ಒಂದು ಊರೂ ಇತ್ತು, ಆ ಚರ್ಚಿನಲ್ಲಿ ಮದುವೆಯಾದವರು, ಮಕ್ಕಳಿಗೆ ಹೆಸರಿಟ್ಟವರು ಜಮೀನು ಬಿಟ್ಟು ಎದ್ದುಹೋದರು ಎಂಬುದು ಆ ಫೋಟೊದಲ್ಲಿ ಬರುವುದಿಲ್ಲ. ಗೋಡೆ ಹತ್ತಬೇಡ ಇಳಿಯಪ್ಪ ಎಂದೆ. "ಎರಡೇ ನಿಮಿಷ ಅಂಕಲ್" ಎಂದ. ಯಾವ ಬಾಯಿಂದ ಬಯ್ಯಲಿ? ಆ ಮಾತು ಕಲಿಸಿದ್ದೇ ನನ್ನಂಥವರು.

ಇದನ್ನು ಓದುತ್ತಿರುವ ಮೇಷ್ಟ್ರುಗಳಿಗೂ ಮೇಡಮ್ಮುಗಳಿಗೂ ನನ್ನದೊಂದು ಕೋರಿಕೆ. ದಸರಾ ರಜೆ ಮುಗಿಯುತ್ತಲೇ ಪ್ರವಾಸದ ಪಟ್ಟಿ ಮಾಡಲು ಕೂರುತ್ತೀರಿ. ಈ ಸಲ ಹತ್ತು ಹೆಸರಿದ್ದರೆ ಆರು ಹೊಡೆದುಹಾಕಿ. ಉಳಿದ ನಾಲ್ಕರಲ್ಲಿ ಒಂದಾದರೂ ಜನ ಇನ್ನೂ ಕೈಮುಗಿಯುತ್ತಿರುವ ಜಾಗವಿರಲಿ, ಅದು ನಿಮ್ಮ ಮಕ್ಕಳಲ್ಲಿ ಹೆಚ್ಚಿನವರ ಮನೆದೇವರದ್ದಲ್ಲದ ಜಾಗವಾಗಿರಲಿ. ಚರ್ಚಾದರೆ ಭಾನುವಾರ ಬೆಳಗಿನ ಪೂಜೆಯ ಹೊತ್ತು ಬಿಟ್ಟು ಹೋಗಿ; ಮುಂಚೆಯೇ ಫೋನ್ ಮಾಡಿ ಕೇಳಿದರೆ ಫಾದರ್‌ಗಳೇ ಬಂದು ಹೇಳುತ್ತಾರೆ, ನನಗಂತೂ ಯಾರೂ ಇಲ್ಲ ಎಂದಿಲ್ಲ. ಒಳಗೆ ಹೋದ ಮೇಲೆ ಮಕ್ಕಳನ್ನು ಬೆಂಚಿನಲ್ಲಿ ಕೂರಿಸಿ, ಕಾಲು ಗಂಟೆ ಯಾರೂ ಮಾತಾಡಬೇಡಿ, ಆಮೇಲೆ ಒಬ್ಬೊಬ್ಬರೂ ಕಂಡ ಒಂದೊಂದನ್ನು ಹೇಳಿ ಎನ್ನಿ. ಕೈಗೊಂದು ಪೆನ್ಸಿಲ್ಲು, ಹಾಳೆ ಕೊಟ್ಟರೆ ಇನ್ನೂ ಒಳ್ಳೆಯದು, ಬರೆಯುವವನು ಓಡುವುದಿಲ್ಲ.

ಯಾವ ಆರು ಹೊಡೆದುಹಾಕಬೇಕು ಎಂದು ಕೇಳಿದರೆ, ಮೊದಲು ವಾಟರ್ ಪಾರ್ಕಿನಿಂದ ಶುರುಮಾಡಿ. ಮೃಗಾಲಯ ಬೇಕಾದರೆ ಇರಲಿ. ಮಕ್ಕಳ ಶಾಪ ಏನೆಂದು ನಾನು ಉಂಡು ನೋಡಿದ್ದೇನೆ.