ಜೋಳಿಗೆ ಹಿಡಿದ ಕೈಗೂ ಶಿಕ್ಷಣ ಬೇಕು

ದಾಸೋಹವೆಂದರೆ ನೀಡುವುದು ಮಾತ್ರವೆಂದು ಬಹುಜನರ ತಿಳಿವಳಿಕೆ. ಆದರೆ ನೀಡುವ ಕೈಗೂ ಉಣ್ಣುವ ಬಾಯಿಗೂ ನಡುವೆ ಬೇಡುವ ಕೈಯೊಂದಿದೆ. ಅನಾಥಾಲಯ, ಪ್ರಸಾದನಿಲಯ, ವೃದ್ಧಾಶ್ರಮಗಳಿಗಾಗಿ ರಸೀದಿ ಪುಸ್ತಕ ಹಿಡಿದು ಸಿಂಧನೂರು, ಲಿಂಗಸುಗೂರು, ಮಸ್ಕಿಯ ಊರೂರು ತಿರುಗುವ ಕಾರ್ಯಕರ್ತನ ಕೈ ಅದು. ಲೆಕ್ಕ ಬರೆಯುವವನಿಗೆ ತರಬೇತಿ ಬೇಕೆಂದು ಎಲ್ಲರೂ ಒಪ್ಪುತ್ತಾರೆ. ಈತನಿಗೆ ಮಾತ್ರ “ಭಕ್ತಿಯಿದ್ದರೆ ಸಾಕು” ಎನ್ನುತ್ತಾರೆ. ಈ ಮಾತು ಕೇಳಲು ಇಂಪು, ಪರಿಣಾಮದಲ್ಲಿ ಕಹಿ.

ಏಕೆಂದರೆ ತರಬೇತಿಯಿಲ್ಲದವನನ್ನು ನಡೆಸುವುದು ಭಕ್ತಿಯಲ್ಲ, ತನಗೆ ಗೊತ್ತುಪಡಿಸಿದ ಮೊತ್ತದ ಭಯ. ಆ ಭಯದಲ್ಲಿ ಆತ ನೆರೆಮನೆಯವರು ಕೊಟ್ಟ ಹಣವನ್ನು ಹೇಳಿ ನಾಚಿಸುತ್ತಾನೆ; ಅಳುವ ಮಗುವಿನ ಚಿತ್ರ ತೋರಿಸಿ ಕರುಳು ಹಿಂಡುತ್ತಾನೆ. ಬಂದ ಹಣದಲ್ಲಿ ಇಷ್ಟು ಪಾಲೆಂದು ಗೊತ್ತುಮಾಡಿದರಂತೂ ದಾಸೋಹವು ದಲ್ಲಾಳಿತನವಾಗುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರಸ್ಟ್‌ಗೇಟ್ ಕೊಚ್ಚಿಹೋಯಿತು. ಎಡದಂಡೆ ಕಾಲುವೆಯನ್ನೇ ನಂಬಿದ ಸಿಂಧನೂರು ಭಾಗದ ಭತ್ತದ ರೈತನ ಎದೆ ಆಗ ಹೇಗೆ ನಡುಗಿರಬೇಕು! ಅಂಥ ವಾರದಲ್ಲಿ ಅವನ ಅಂಗಳಕ್ಕೆ ಹೋದವನು ಮೊದಲು ತೆರೆಯಬೇಕಾದುದು ರಸೀದಿ ಪುಸ್ತಕವನ್ನೋ, ತನ್ನ ಕಿವಿಯನ್ನೋ? ಡೇನಿಯಲ್ ಗೋಲ್‌ಮನ್ ಎಂಬ ಅಮೆರಿಕದ ಲೇಖಕ 1995ರಲ್ಲಿ ಗ್ರಂಥ ಬರೆದು ಜನಪ್ರಿಯಗೊಳಿಸಿದ ‘ಭಾವನಾತ್ಮಕ ಬುದ್ಧಿವಂತಿಕೆ’ ಇದೇ: ತನ್ನ ಭಾವವನ್ನರಿಯುವುದು, ಅದನ್ನು ಹಿಡಿತದಲ್ಲಿಡುವುದು, ಪರರ ಮನವನ್ನರಿತು ನಡೆಯುವುದು.

“ಇದು ಮಾರಾಟಗಾರರ ವಿದ್ಯೆ” ಎಂಬ ಆಕ್ಷೇಪವೂ ಉಂಟು. ಅದರಲ್ಲಿ ಸತ್ಯಾಂಶವಿದೆ. ಪರರ ಮನವನ್ನರಿತವನು ಅದನ್ನು ಸುಲಿಗೆಗೂ ಬಳಸಬಲ್ಲ. ಆದ್ದರಿಂದಲೇ ಈ ವಿದ್ಯೆಗೆ ಅಂಕುಶ ಬೇಕು. ಆ ಅಂಕುಶ ಲಿಂಗಸುಗೂರು ಸೀಮೆಯಲ್ಲಿಯೇ ಇದೆ. ಅಲ್ಲಿಯ ಅಮರೇಶ್ವರ ಗ್ರಾಮದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯನವರು ಚೆಲ್ಲಿದ ಅಕ್ಕಿಯನ್ನಾಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಹಿಗ್ಗಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರಬೇಕೆಂದರು. ದಾಸೋಹಕ್ಕೆಂದೇ ತಂದುದಾದರೂ ಬೇಕಾದುದಕ್ಕಿಂತ ಹೆಚ್ಚು ತರುವುದು ಆಸೆಯೆಂಬುದು ಆ ತಾಯಿಯ ನಿಲುವು. ಮುಟ್ಟಬೇಕಾದ ಮೊತ್ತವನ್ನಷ್ಟೇ ಕಲಿಸುವ ತರಬೇತಿಗಳು ನಿಲ್ಲಿಸಬೇಕಾದ ಎಡೆಯನ್ನು ಕಲಿಸುತ್ತವೆಯೇ?

ನೆರೆಯ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ ಆರಂಭಿಸಿ ಮನೆಮನೆಯಲ್ಲಿ ಬೇಡಿದುದು ಹಣವನ್ನಲ್ಲ, ಕುಡಿತವೇ ಮೊದಲಾದ ದುಶ್ಚಟಗಳನ್ನು. ನಾಲ್ಕು ಜನರ ಮುಂದೆ ತನ್ನ ಚಟವನ್ನು ಜೋಳಿಗೆಗೆ ಹಾಕಬೇಕಾದರೆ ಬೇಡಿದವರಲ್ಲಿ ಎಷ್ಟು ವಿಶ್ವಾಸವಿರಬೇಕು! ಹೆದರಿಸಿ, ಹಂಗಿಸಿ ಪಡೆಯಲಾಗದ ದಾನವದು.

ಹಾಗಾದರೆ ಕಾರ್ಯಕರ್ತನು ಕಲಿಯಬೇಕಾದುದೇನು? ‘ಇಲ್ಲ’ ಎಂದವರ ಮನೆಯಿಂದ ಕೈಮುಗಿದು, ಮುನಿಸಿಲ್ಲದೆ ಹೊರಡುವುದು. ಸಾಲದಲ್ಲಿರುವವನು ಮಾನಕ್ಕಂಜಿ ನೀಡಿದರೆ ಮೆಲ್ಲನೆ ಹಿಂದಿರುಗಿಸುವುದು. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆಯ ರಿಯಾಯಿತಿ ದೊರೆಯದೆಂಬುದನ್ನು ವ್ಯಾಪಾರಿಗೆ ಮೊದಲೇ ತಿಳಿಸುವುದು. ಕೊಟ್ಟ ಹಣ ಏನಾಯಿತೆಂದು ವರ್ಷಕ್ಕೊಮ್ಮೆ ಹೋಗಿ, ಏನನ್ನೂ ಬೇಡದೆ ಹೇಳಿಬರುವುದು. ಹತ್ತು ಮನೆಗಳಲ್ಲಿ ತಿರಸ್ಕಾರವುಂಡು ಬಂದ ಕಾರ್ಯಕರ್ತನ ದಣಿವನ್ನು ಕೇಳುವ ಹಿರಿಯರೊಬ್ಬರೂ ಸಂಸ್ಥೆಯಲ್ಲಿರಬೇಕು. ಮೊತ್ತವನ್ನಷ್ಟೇ ಕೇಳಿ ಮುಖವನ್ನು ನೋಡದ ಸಂಸ್ಥೆ ಅವನಿಗೆ ಕರುಣೆಯನ್ನು ಹೇಗೆ ಕಲಿಸೀತು?

1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಅಶೋಕ ಶಾಸನವು ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ದೊರಕುವುದೆಂದು ಸಾರುತ್ತದೆ. ರೈಸ್‌ಮಿಲ್ಲಿನ ಮಾಲೀಕರ ಲಕ್ಷಕ್ಕೆ ಶಾಲು ಹೊದಿಸಿ, ಕೂಲಿಯ ತಾಯಿ ನೀಡಿದ ಸೇರು ಜೋಳಕ್ಕೆ ರಸೀದಿಯನ್ನೂ ಬರೆಯದವರು ಆ ಬಂಡೆಯ ಮುಂದೆ ಒಮ್ಮೆ ನಿಂತು ಬರಲಿ. ಬೇಡುವುದೂ ಒಂದು ಕಾಯಕ. ಕಾಯಕವಾದ ಮೇಲೆ ಅದನ್ನು ಕಲಿಯಲೇಬೇಕು, ಶುದ್ಧವಾಗಿ ಮಾಡಲೇಬೇಕು.