ಸರ್ವರ್‌ ಸುರಕ್ಷತೆ: ಯಾರೂ ಎಣಿಸದ ದಿನಗಳು

ಸರ್ವರ್‌ನ ಸುರಕ್ಷತೆ ಮುಖ್ಯವಾಗಿ ಒಂದು ಅಂಕಿಯ ಮೇಲೆ ನಿಂತಿದೆ: ತಂತ್ರಾಂಶದ ದೋಷಕ್ಕೆ ಪರಿಹಾರ ಬಿಡುಗಡೆಯಾದ ಮೇಲೆ ಅದನ್ನು ಅಳವಡಿಸಲು ಎಷ್ಟು ದಿನ ಹಿಡಿಯಿತು? 2025ರ ಜನವರಿಯಲ್ಲಿ ರಾಜ್ಯದ ನೋಂದಣಿ ತಂತ್ರಾಂಶ ಕಾವೇರಿ 2.0 ಡಿಡಿಒಎಸ್‌ ದಾಳಿಗೆ ಸಿಕ್ಕಿ ಆಸ್ತಿ ನೋಂದಣಿ ಕುಂಟಿದಾಗ ಈ ಪ್ರಶ್ನೆ ಮುನ್ನೆಲೆಗೆ ಬರಲಿಲ್ಲ. ಅಂಥ ದಾಳಿ ಕೋರಿಕೆಗಳ ದಟ್ಟಣೆಯಿಂದ ಸೇವೆಯನ್ನು ತಡೆಯುತ್ತದೆ, ದಟ್ಟಣೆ ಇಳಿದರೆ ಸೇವೆ ಮರಳುತ್ತದೆ. ಅಪ್‌ಡೇಟ್‌ ಆಗದ ತಂತ್ರಾಂಶವಾದರೋ ಕಳ್ಳನನ್ನು ದಾಖಲೆಯ ಬಳಿಗೇ ಬಿಡುತ್ತದೆ.

ಪಹಣಿಗಳನ್ನು ಗಣಕೀಕರಿಸಿದ ಭೂಮಿ ಯೋಜನೆ ಶುರುವಾದಾಗ ಅವುಗಳ ದತ್ತಾಂಶ ಆಯಾ ತಾಲ್ಲೂಕು ಕಚೇರಿಯ ಕಂಪ್ಯೂಟರ್‌ನಲ್ಲೇ ಇತ್ತು. ಈಗ ಕಡೂರಿನ ತೆಂಗು ಬೆಳೆಗಾರ, ತರೀಕೆರೆಯ ಅಡಿಕೆ ಬೆಳೆಗಾರ, ಅಜ್ಜಂಪುರದ ಈರುಳ್ಳಿ ಬೆಳೆಗಾರ ಬೆಳೆಸಾಲಕ್ಕೆ ಪಹಣಿ ತೆಗೆಸಿದರೆ ಮೂವರೂ ನೆಚ್ಚುವುದು ರಾಜಧಾನಿಯ ದತ್ತಾಂಶ ಕೇಂದ್ರವನ್ನು. ಕೇಂದ್ರೀಕರಣ ಸರಿಯಾದ ಹೆಜ್ಜೆಯೇ. ಆದರೆ ಅಲ್ಲಿ ತಂತ್ರಾಂಶದ ಒಂದು ಪ್ಯಾಕೇಜ್‌ ಹಳತಾಗಿ ಉಳಿದರೆ ಅಪಾಯ ಎಲ್ಲ ತಾಲ್ಲೂಕುಗಳಿಗೂ ಒಟ್ಟಿಗೇ.

ಅಪಾಯದ ಅಳತೆ 2017ರಲ್ಲೇ ಸಿಕ್ಕಿದೆ. ವಿಂಡೋಸ್‌ ದೋಷಕ್ಕೆ ಮೈಕ್ರೋಸಾಫ್ಟ್‌ ಪರಿಹಾರ ಕೊಟ್ಟದ್ದು ಮಾರ್ಚ್‌ 14ರಂದು. ಅದೇ ದೋಷ ಬಳಸಿ ಸುಲಿಗೆ ತಂತ್ರಾಂಶ ವನ್ನಾಕ್ರೈ ಜಗತ್ತಿನಾದ್ಯಂತ ಹರಡಿದ್ದು ಮೇ 12ರಂದು. ನಡುವೆ 59 ದಿನ! ಔಷಧ ಕೈಯಲ್ಲಿದ್ದೂ ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸ್‌ ಕಳಿಸಬೇಕಾಯಿತು.

ಅದೇ ವರ್ಷ ಅಮೆರಿಕದ ಸಾಲ ಮಾಹಿತಿ ಸಂಸ್ಥೆ ಇಕ್ವಿಫ್ಯಾಕ್ಸ್‌ನಲ್ಲಿ ನಡೆದದ್ದು ಇನ್ನೂ ದೊಡ್ಡ ಪಾಠ. ಅಲ್ಲಿ ಬಳಕೆಯಲ್ಲಿದ್ದ ಅಪಾಚೆ ಸ್ಟ್ರಟ್ಸ್‌ ತಂತ್ರಾಂಶದ ಪರಿಹಾರ ಮಾರ್ಚ್‌ ಮೊದಲ ವಾರದಲ್ಲೇ ಬಂದಿತ್ತು. ಅಳವಡಿಸಿ ಎಂಬ ಸೂಚನೆ ಸಿಬ್ಬಂದಿಗೆ ಹೋಗಿತ್ತು, ಸ್ಕ್ಯಾನ್‌ ಕೂಡ ನಡೆದಿತ್ತು. ದೋಷವಿದ್ದ ಸರ್ವರ್‌ ಮಾತ್ರ ಸ್ಕ್ಯಾನ್‌ಗೆ ಸಿಗಲಿಲ್ಲ. ಮೇ ತಿಂಗಳಲ್ಲಿ ಒಳಹೊಕ್ಕ ಕಳ್ಳರು ಜುಲೈ ಕೊನೆಯವರೆಗೂ ಪತ್ತೆಯಾಗಲಿಲ್ಲ. ಏಕೆಂದರೆ ಜಾಲದ ಸಂಚಾರ ಪರಿಶೀಲಿಸುವ ಸಾಧನದ ಪ್ರಮಾಣಪತ್ರದ ಅವಧಿ ಮುಗಿದು ತಿಂಗಳುಗಳೇ ಕಳೆದಿದ್ದವು. ಸುಮಾರು 14.7 ಕೋಟಿ ಜನರ ಮಾಹಿತಿ ಸೋರಿಹೋಯಿತು. ಆದೇಶ ಹೊರಡಿಸಿದ ಮಾತ್ರಕ್ಕೆ ಕೆಲಸ ಆಯಿತೆಂದು ನಂಬುವವರು ಈ ಪ್ರಕರಣವನ್ನು ಓದಲೇಬೇಕು.

ನಿಗಾ ಇಡುವುದು ಕಷ್ಟದ ಕೆಲಸವಲ್ಲ. ಸರ್ವರ್‌ ತನ್ನಲ್ಲಿರುವ ಪ್ಯಾಕೇಜ್‌ಗಳನ್ನು ವಿತರಕರ ಪಟ್ಟಿಯೊಂದಿಗೆ ಹೋಲಿಸಿಕೊಳ್ಳುತ್ತದೆ. ನ್ಯಾಗಿಯೋಸ್‌ನಂಥ ಮುಕ್ತ ತಂತ್ರಾಂಶ ಬಾಕಿ ಉಳಿದ ಸುರಕ್ಷತಾ ಅಪ್‌ಡೇಟ್‌ಗಳನ್ನು ಬೇರೆಯಾಗಿಯೇ ಎಣಿಸಿ ಎಚ್ಚರಿಸಬಲ್ಲದು. ಎಡವುವುದು ಮುಂದಿನ ಹಂತದಲ್ಲಿ. ಡಿಸ್ಕ್‌ನಲ್ಲಿ ಗೂಢಲಿಪಿ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್‌ ಹೊಸದಾದರೂ ಓಡುತ್ತಿರುವ ಸೇವೆ ಮರುಚಾಲನೆಯಾಗುವ ತನಕ ಹಳೆಯ ಪ್ರತಿಯನ್ನೇ ಮೆಮೊರಿಯಲ್ಲಿ ಹಿಡಿದಿರುತ್ತದೆ. ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್‌ಗೆ ಸಾಮಾನ್ಯವಾಗಿ ರೀಬೂಟೇ ಬೇಕು. ಸೇವೆ ನಿಂತೀತೆಂಬ ಭಯದಲ್ಲಿ ರೀಬೂಟ್‌ ಮುಂದೂಡಿದಷ್ಟು ದಿನವೂ ದೋಷ ಜೀವಂತ, ಪರದೆಯ ಮೇಲೆ ಮಾತ್ರ ಎಲ್ಲವೂ ಹಸಿರು. ಇನ್ನು ಬೆಂಬಲವೇ ಮುಗಿದ ತಂತ್ರಾಂಶಕ್ಕೆ ಬಾಕಿ ಸೊನ್ನೆ ಎಂದು ಬಂದರೂ ಅರ್ಥವಿಲ್ಲ: ಸರ್ವರ್‌ಗಳ ಕಾರ್ಯಾಚರಣಾ ವ್ಯವಸ್ಥೆ ಸೆಂಟ್‌ಒಎಸ್‌ 7ಕ್ಕೆ 2024ರ ಜೂನ್‌ 30ರ ನಂತರ ಸೆಂಟ್‌ಒಎಸ್‌ ಯೋಜನೆಯಿಂದ ಅಪ್‌ಡೇಟ್‌ ಬರುವುದೇ ಇಲ್ಲ.

2022ರ ಏಪ್ರಿಲ್‌ 28ರಂದು ಕೇಂದ್ರದ ಸೈಬರ್‌ ಸುರಕ್ಷತಾ ಸಂಸ್ಥೆ ಸರ್ಟ್‌–ಇನ್‌ ಹೊರಡಿಸಿದ ನಿರ್ದೇಶನದಂತೆ ಸೈಬರ್‌ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಅದು ಕಳವಾದ ನಂತರದ ಗಡಿಯಾರ. ಪರಿಹಾರ ಬಂದ ದಿನದಿಂದ ಓಡುವ ಗಡಿಯಾರವೂ ಬೇಕು. ಭೂಮಿ, ಕಾವೇರಿ, ನಾಡಕಚೇರಿ ಸೇವೆಗಳ ಸರ್ವರ್‌ಗಳಲ್ಲಿ ಗಂಭೀರ ದೋಷಗಳ ಪರಿಹಾರಕ್ಕೆ ಸರಾಸರಿ ಎಷ್ಟು ದಿನ ಹಿಡಿಯಿತು, ಅತಿ ಹೆಚ್ಚು ಎಷ್ಟು ಹಿಡಿಯಿತು ಎಂಬ ಎರಡು ಅಂಕಿಗಳನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸಲಿ. ಸರ್ವರ್‌ ಹೆಸರು, ದೋಷದ ವಿವರ ಬೇಕಿಲ್ಲ; ಆದ್ದರಿಂದ ಗೋಪ್ಯತೆಯ ನೆಪವೂ ಸಲ್ಲದು.