ಕಾಡಿನ ಕುಸ್ತಿಯಲ್ಲಿ ಗೆಲ್ಲುವವರು ಯಾರು?

ಸಂಜಯನಗರದ ಒಂದು ಮನೆ. ಬೇಸಿಗೆ ರಜೆಯ ಮಧ್ಯಾಹ್ನ. ಅಣ್ಣ ತಂಗಿ ಇಬ್ಬರೂ ಪ್ರಾಣಿಗಳ ಚಿತ್ರವಿರುವ ಟ್ರಂಪ್ ಕಾರ್ಡುಗಳನ್ನು ಹರಡಿಕೊಂಡು ಕೂತಿದ್ದಾರೆ. ಒಬ್ಬರು ‘ತೂಕ’ ಎಂದು ಕೂಗಿದರೆ ಇಬ್ಬರೂ ಒಂದೊಂದು ಕಾರ್ಡು ಇಳಿಸಬೇಕು. ಯಾರ ಕಾರ್ಡಿನಲ್ಲಿ ಸಂಖ್ಯೆ ದೊಡ್ಡದೋ ಅವರಿಗೆ ಎರಡೂ ಕಾರ್ಡು. ಅಣ್ಣ ಹುಲಿಯನ್ನು ಇಳಿಸಿದ, ತಂಗಿ ಕಾಟಿಯನ್ನು ಇಳಿಸಿದಳು. ಲೆಕ್ಕದಲ್ಲಿ ಕಾಟಿ ಗೆದ್ದಿತು. ‘ನಿಜವಾದ ಕಾಡಲ್ಲಿ ಹುಲೀನೇ ಕಣೇ ಗೆಲ್ಲೋದು’ ಎಂದು ಅಣ್ಣ ಕಾರ್ಡು ಬಿಡಲೊಲ್ಲ. ಜಗಳ ಒಳಗೆ ಪೇಪರು ಓದುತ್ತಿದ್ದ ತಾತನ ಹತ್ತಿರ ಹೋಯಿತು. ‘ತಾತಾ, ನೀನೇ ಹೇಳು, ಯಾರು ಗೆಲ್ತಾರೆ?’

ತಾತ ತೀರ್ಪು ಕೊಡಲಿಲ್ಲ. ‘ಹುಲೀನೇ ಗೆಲ್ತು ಅಂತ ಇಟ್ಕೊಳ್ಳಪ್ಪ. ಆದರೆ ಒಂದು ಕಾಲು ಮುರ್ಕೊಂಡು ಗೆಲ್ತು. ಮುಂದಿನ ವಾರ ಅದಕ್ಕೆ ಊಟ ಹಾಕೋರು ಯಾರು?’ ಎಂದರು. ಇಬ್ಬರೂ ಸುಮ್ಮನಾದರು.

ಇಂಥ ಪಂದ್ಯಗಳು ಇಂದು ಕಾರ್ಡಿನಲ್ಲಷ್ಟೇ ಅಲ್ಲ, ಮೊಬೈಲಿನ ವಿಡಿಯೊಗಳಲ್ಲೂ ನಡೆಯುತ್ತವೆ. ಮಕ್ಕಳ ಪ್ರಶ್ನೆ ತಪ್ಪಲ್ಲ. ಅದನ್ನು ಕಾಡಿನ ಮುಂದಿಟ್ಟು ಕೇಳಿದರೆ ಬಹಳ ಒಳ್ಳೆಯ ಪ್ರಶ್ನೆಯೇ. ಹಾಗಾದರೆ ಕೆಲವು ಜೋಡಿಗಳನ್ನು ಕಣಕ್ಕಿಳಿಸಿ ನೋಡೋಣ.

ಎಲ್ಲರೂ ಮೊದಲು ಕೇಳುವುದು ಹುಲಿ–ಸಿಂಹದ ಪಂದ್ಯ. ಈ ಪಂದ್ಯ ನಮ್ಮ ಕಾಡಿನಲ್ಲಿ ನಡೆಯುವ ಹಾಗೇ ಇಲ್ಲ. ಭಾರತದ ಕಾಡುಸಿಂಹಗಳಿರುವುದು ಗುಜರಾತಿನ ಗಿರ್ ಮತ್ತು ಅದರ ಸುತ್ತಿನ ಸೌರಾಷ್ಟ್ರ ಪ್ರದೇಶದಲ್ಲಿ. ಗಿರ್‌ನಲ್ಲಿ ಹುಲಿಗಳಿಲ್ಲ, ಕರ್ನಾಟಕದ ಕಾಡಿನಲ್ಲಿ ಸಿಂಹಗಳಿಲ್ಲ. ಬನ್ನೇರುಘಟ್ಟದ ಸಫಾರಿಯಲ್ಲಿ ಎರಡನ್ನೂ ಒಂದೇ ದಿನ ನೋಡಬಹುದು, ಆದರೆ ಬೇರೆ ಬೇರೆ ಬೇಲಿಯ ಒಳಗೆ. ಆದ್ದರಿಂದ ಈ ಜೋಡಿಯನ್ನು ಬಿಟ್ಟು ನಿಜವಾಗಿ ಎದುರುಬದುರಾಗುವ ಪ್ರಾಣಿಗಳತ್ತ ಹೋಗೋಣ.

ಹುಲಿ ಮತ್ತು ಕಾಟಿ

ನಾಗರಹೊಳೆ, ಬಂಡೀಪುರದ ಕಾಡುಗಳಲ್ಲಿ ಹುಲಿಯೂ ಕಾಟಿಯೂ ಅಕ್ಕಪಕ್ಕದಲ್ಲೇ ಬಾಳುತ್ತವೆ. ದೊಡ್ಡ ಗಂಡು ಹುಲಿಯ ತೂಕ 200 ಕಿಲೋ ದಾಟುತ್ತದೆ. ಪೂರ್ತಿ ಬೆಳೆದ ಗಂಡು ಕಾಟಿ 800ರಿಂದ 1000 ಕಿಲೋವರೆಗೂ ತೂಗಬಹುದು. ಅಂದರೆ ನಾಲ್ಕು ಹುಲಿಗೆ ಒಂದು ಕಾಟಿ! ಆದರೂ ನಾಗರಹೊಳೆಯಲ್ಲಿ ಹುಲಿಗಳು ಬೆಳೆದ ಕಾಟಿಗಳನ್ನೂ ಕೊಂದಿರುವ ದಾಖಲೆಗಳಿವೆ.

ಹೇಗೆ? ಹುಲಿ ಎದುರಿಗೆ ಹೋಗಿ ಸವಾಲು ಹಾಕುವುದಿಲ್ಲ. ಪೊದೆಯ ಮರೆಯಲ್ಲಿ ಹೊಟ್ಟೆ ನೆಲಕ್ಕೆ ತಾಗುವಂತೆ ತೆವಳುತ್ತಾ, ಗಾಳಿ ನೋಡಿಕೊಂಡು, ಸಾಧ್ಯವಾದಷ್ಟು ಹತ್ತಿರ ಬರುತ್ತದೆ. ನಂತರ ಒಂದೇ ನೆಗೆತ. ಗಂಟಲು ಸಿಕ್ಕರೆ ಉಸಿರು ಕಟ್ಟುವವರೆಗೂ ಹಿಡಿತ ಬಿಡದು. ಕಾಟಿ ಮೊದಲೇ ನೋಡಿಬಿಟ್ಟರೆ, ಕೊಂಬು ಇತ್ತ ತಿರುಗಿದರೆ, ಹುಲಿ ಸಾಮಾನ್ಯವಾಗಿ ತನ್ನ ದಾರಿ ಹಿಡಿಯುತ್ತದೆ. ಕೊಂಬಿನ ಒಂದು ತಿವಿತಕ್ಕೆ ಹುಲಿಯ ಕತೆಯೇ ಮುಗಿಯಬಹುದು. ಅಂದಮೇಲೆ ಇಲ್ಲಿ ಗೆಲ್ಲುವವರು ಯಾರು? ಮೊದಲು ನೋಡಿದವರು!

ಇಲ್ಲಿ ತಾತನ ಪ್ರಶ್ನೆ ನೆನಪಿಸಿಕೊಳ್ಳಿ. ಒಂದು ಹುಲಿ ಬದುಕಲು ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿಗಳನ್ನು ಕೊಲ್ಲಬೇಕು. ಹೆಚ್ಚು ಕಡಿಮೆ ವಾರಕ್ಕೊಂದು. ಹೆಚ್ಚಿನ ಪ್ರಯತ್ನಗಳು ಗುರಿ ತಪ್ಪುವುದರಿಂದ ಆ ಒಂದಕ್ಕಾಗಿ ಹಲವು ಸಲ ಹೊಂಚು ಹಾಕಬೇಕು. ಕಾಡಿನಲ್ಲಿ ಆಸ್ಪತ್ರೆಯಿಲ್ಲ, ರಜೆ ಚೀಟಿಯಿಲ್ಲ. ಕೋರೆಹಲ್ಲು ಮುರಿದರೂ ಪಂಜಕ್ಕೆ ಕೀವಾದರೂ ಊಟ ತಪ್ಪಿತೆಂದೇ ಅರ್ಥ. ಬೇಟೆಯ ಪ್ರಾಣಿಗೆ ಧೈರ್ಯದಷ್ಟೇ ಅಂಜಿಕೆಯೂ ಬೇಕು.

ಹುಲಿ, ಚಿರತೆ ಮತ್ತು ಸೀಳುನಾಯಿ

ಸೀಳುನಾಯಿಯ ತೂಕ 12ರಿಂದ 20 ಕಿಲೋ. ಚಿರತೆ ಅದರ ಮೂರು ನಾಲ್ಕು ಪಟ್ಟು. ಒಂದಕ್ಕೊಂದು ಸಿಕ್ಕರೆ ಸೀಳುನಾಯಿಗೆ ಉಳಿಗಾಲವಿಲ್ಲ. ಆದರೆ ಸೀಳುನಾಯಿ ಒಂಟಿಯಾಗಿ ಬರುವುದೇ ಅಪರೂಪ. ಹಿಂಡು ಬಂದರೆ ಚಿರತೆ ಯೋಚನೆ ಮಾಡದೆ ಮರ ಹತ್ತುತ್ತದೆ. ಸೀಳುನಾಯಿಗಳು ಹುಲಿಯನ್ನೂ ಮರ ಹತ್ತಿಸಿದವೆಂದು ಹಳೆಯ ಶಿಕಾರಿ ಕತೆಗಳು ಹೇಳುತ್ತವೆ. ಆದರೆ ಹುಲಿಯ ಒಂದು ಹೊಡೆತಕ್ಕೆ ಒಂದು ನಾಯಿ ಹೋಗುತ್ತದೆಂಬುದು ಹಿಂಡಿಗೂ ಗೊತ್ತು.

ಹಾಗಾದರೆ ಈ ಮೂವರೂ ಒಂದೇ ಕಾಡಿನಲ್ಲಿ ಬದುಕುವುದಾದರೂ ಹೇಗೆ? ಈ ಪ್ರಶ್ನೆಯನ್ನು ಹಿಡಿದು ನಾಗರಹೊಳೆಯಲ್ಲಿ ಕೆಲಸ ಮಾಡಿದವರು ಉಲ್ಲಾಸ ಕಾರಂತ ಮತ್ತು ಅಮೆರಿಕದ ಮೆಲ್ ಸನ್‌ಕ್ವಿಸ್ಟ್. ಅವರು ಬೇಟೆಯಾದ ಪ್ರಾಣಿಗಳ ಕಳೇಬರಗಳನ್ನು ಹುಡುಕಿದರು. ಮೂರು ಪ್ರಾಣಿಗಳ ಮಲವನ್ನು ಕೂಡಿಹಾಕಿ, ಅದರಲ್ಲಿ ಜೀರ್ಣವಾಗದೆ ಉಳಿದ ಕೂದಲಿನಿಂದ ಯಾರು ಯಾರನ್ನು ತಿಂದರೆಂದು ಗುರುತಿಸಿದರು. 1995ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಹುಲಿ ಕೊಂದ ಪ್ರಾಣಿಗಳ ಸರಾಸರಿ ತೂಕ ಸುಮಾರು 92 ಕಿಲೋ. ಸೀಳುನಾಯಿಯದು 43, ಚಿರತೆಯದು 38. ಹುಲಿಯ ಕಣ್ಣು ಕಾಟಿಯಂಥ ಭಾರಿ ಪ್ರಾಣಿಗಳ ಮೇಲೆ. ಉಳಿದಿಬ್ಬರದು ಮಧ್ಯಮ ಗಾತ್ರದವುಗಳ ಮೇಲೆ. ಆ ಇಬ್ಬರಲ್ಲೂ ಸೀಳುನಾಯಿ ಹಗಲಿನಲ್ಲಿ ಓಡಿಸಿ ಹಿಡಿದರೆ, ಚಿರತೆ ಮುಖ್ಯವಾಗಿ ಕತ್ತಲಲ್ಲಿ ಹೊಂಚಿ ಹಿಡಿಯುತ್ತದೆ. ಒಂದೇ ಹೋಟೆಲಿನಲ್ಲಿ ಒಬ್ಬರು ಬೆಳಿಗ್ಗೆ ಇಡ್ಲಿ ತಿಂದು, ಇನ್ನೊಬ್ಬರು ರಾತ್ರಿ ಊಟ ಮಾಡಿದರೆ ಜಾಗಕ್ಕೆ ಜಗಳವೇಕೆ? ಜಿಂಕೆ, ಕಡವೆ, ಕಾಟಿ ಹೇರಳವಾಗಿರುವ ತನಕ ಈ ಏರ್ಪಾಡು ನಡೆಯುತ್ತದೆ. ಕಳ್ಳಬೇಟೆಯಿಂದ ಅವು ಕಡಿಮೆಯಾದರೆ ತಟ್ಟೆಯೂ ಚಿಕ್ಕದಾಗುತ್ತದೆ.

ಹುಲಿ ಮತ್ತು ಕರಡಿ

ನಮ್ಮ ಕರಡಿಯ ಮುಖ್ಯ ಆಹಾರ ಗೆದ್ದಲು, ಇರುವೆ, ಹಣ್ಣು, ಜೇನು. ಹುತ್ತ ಅಗೆಯಲು ಉದ್ದುದ್ದ ಉಗುರು, ಗೆದ್ದಲನ್ನು ಹೀರಲು ಅನುಕೂಲವಾಗುವಂತೆ ಮೇಲ್ದವಡೆಯ ನಡುವೆ ಎರಡು ಹಲ್ಲುಗಳೇ ಇಲ್ಲ. 1994ರಲ್ಲಿ ಇದಕ್ಕಾಗಿಯೇ ಹಂಪಿಯ ಹತ್ತಿರ ದರೋಜಿ ಕರಡಿಧಾಮ ಆಯಿತು. ಇಂಥ ಗೆದ್ದಲುಬಾಕನಿಗೆ ಅಷ್ಟು ಸಿಟ್ಟೇಕೆ?

ಕರಡಿ ಜಿಂಕೆಯಂತೆ ಓಡಲಾರದು. ಮರ ಹತ್ತಿದರೆ ಚಿರತೆ ಹಿಂದೆಯೇ ಹತ್ತುತ್ತದೆ. ಹುತ್ತದೊಳಗೆ ಮೂತಿ ತೂರಿ ಸದ್ದು ಮಾಡುತ್ತಾ ತಿನ್ನುವಾಗ ಹುಲಿ ತೀರ ಹತ್ತಿರ ಬಂದಮೇಲೇ ಗೊತ್ತಾಗುವುದು. ಉಳಿದಿರುವುದು ಒಂದೇ ದಾರಿ: ಎರಡು ಕಾಲಿನ ಮೇಲೆ ಎದ್ದು ನಿಂತು, ಅರಚಿ, ತಾನೇ ಮೇಲೇರಿ ಹೋಗುವುದು. ‘ನನ್ನನ್ನು ತಿನ್ನಬಹುದು, ಆದರೆ ನಿನಗೆ ದುಬಾರಿಯಾದೀತು’ ಎಂದು ಹೇಳಿದ ಹಾಗೆ. ಹುಲಿ ಕರಡಿಯನ್ನು ಕೊಂದದ್ದುಂಟು. ಆದರೆ ಕ್ಯಾಮೆರಾದಲ್ಲಿ ಸೆರೆಯಾದ ಮುಖಾಮುಖಿಗಳಲ್ಲಿ ಹೆಚ್ಚಿನವು ಒಬ್ಬರನ್ನೊಬ್ಬರು ಮುಟ್ಟದೆಯೇ ಮುಗಿದಿವೆ. ಕಾಡಂಚಿನಲ್ಲಿ ಕರಡಿಗೆ ಹಠಾತ್ತನೆ ಎದುರಾದ ಮನುಷ್ಯ ಗಾಯಗೊಳ್ಳುವುದಕ್ಕೂ ಇದೇ ಸ್ವಭಾವ ಕಾರಣ.

ಕೊನೆಯ ಪಂದ್ಯ: ಮುಳ್ಳುಹಂದಿ

ಹೆಸರಿನಲ್ಲಿ ಹಂದಿ ಇದ್ದರೂ ಇದು ಇಲಿ, ಅಳಿಲುಗಳ ಬಂಧು. ತೂಕ 11ರಿಂದ 18 ಕಿಲೋ. ಕಾರ್ಡಿನ ಆಟದಲ್ಲಿ ಯಾರಿಗೂ ಬೇಡದ ಕಾರ್ಡು. ಇದು ಮುಳ್ಳನ್ನು ಬಾಣದಂತೆ ಎಸೆಯುತ್ತದೆಂಬ ಮಾತು ಸುಳ್ಳು. ಮುಳ್ಳು ಎಂದರೆ ಗಟ್ಟಿಯಾದ ಕೂದಲೇ. ವೈರಿ ಹತ್ತಿರ ಬಂದಾಗ ಮುಳ್ಳು ನಿಮಿರಿಸಿ, ಗಿಲಕಿಯಂತೆ ಸದ್ದು ಮಾಡಿ, ಹಿಮ್ಮುಖವಾಗಿ ನುಗ್ಗಿ ಚುಚ್ಚುತ್ತದೆ.

ಕುಮಾವೂನಿನ ಮುಕ್ತೇಸರದ ನರಭಕ್ಷಕ ಹೆಣ್ಣುಹುಲಿಯ ಕತೆಯನ್ನು ಜಿಮ್ ಕಾರ್ಬೆಟ್ ಬರೆದಿದ್ದಾರೆ. ಮುಳ್ಳುಹಂದಿಯ ಜೊತೆಗಿನ ಕಾದಾಟದಲ್ಲಿ ಅದರ ಒಂದು ಕಣ್ಣು ಹೋಗಿತ್ತು. ಸುಮಾರು 50 ಮುಳ್ಳುಗಳು ಮುಂಗಾಲಿಗೆ, ಪಾದದಡಿಗೆ ನೆಟ್ಟಿದ್ದವು. ಬೇಟೆಯಾಡಲಾಗದೆ ಹಸಿದು ಮಲಗಿದ್ದ ಹುಲಿಯ ಹತ್ತಿರ ಹುಲ್ಲು ಕೊಯ್ಯುವ ಹೆಂಗಸೊಬ್ಬಳು ಬಂದಳು. ಅಲ್ಲಿಂದ ಆ ಊರಿನ ಸಂಕಟ ಶುರುವಾಯಿತು. ತಾತ ಕೇಳಿದ ಪ್ರಶ್ನೆಗೆ ಇದಕ್ಕಿಂತ ಕಹಿಯಾದ ಉತ್ತರ ಬೇಕೆ? ಕಾದಾಟದಲ್ಲಿ ಹುಲಿ ತೆತ್ತ ಬೆಲೆಯನ್ನು ಕೊನೆಗೆ ಏನೂ ಅರಿಯದ ಹಳ್ಳಿಗರು ಕೊಡಬೇಕಾಯಿತು.

ಆನೆಗಳಲ್ಲೂ ತೂಕವೇ ಎಲ್ಲವೂ ಅಲ್ಲ. ಮದವೇರಿದ ಗಂಡಾನೆಗೆ ಮದವಿಲ್ಲದ ಅದಕ್ಕಿಂತ ದೊಡ್ಡ ಆನೆಯೂ ದಾರಿ ಬಿಡುತ್ತದೆ. ಕೆನ್ನೆಯಿಂದ ಸೋರುವ ಮದಜಲದ ವಾಸನೆಯೇ ಎಚ್ಚರಿಕೆಯ ಫಲಕ. ವಾಸನೆ, ಗರ್ಜನೆ, ನಿಮಿರಿದ ಮುಳ್ಳು, ಎದ್ದು ನಿಂತ ಕರಡಿ, ಇವೆಲ್ಲ ಕಾದಾಟವನ್ನು ತಪ್ಪಿಸುವ ಉಪಾಯಗಳೇ.

ನೀವೇ ನೋಡಿ

ಇದನ್ನು ನೋಡಲು ನಾಗರಹೊಳೆಗೇ ಹೋಗಬೇಕಿಲ್ಲ. ಸಂಜಯನಗರದ ಯಾವುದೇ ಅಡ್ಡರಸ್ತೆಯಲ್ಲಿ ರಾತ್ರಿ ಕಾಂಪೌಂಡ್ ಗೋಡೆಯ ಮೇಲೆ ಎರಡು ಗಂಡು ಬೆಕ್ಕುಗಳು ಮುಖಾಮುಖಿಯಾದಾಗ ದೀಪ ಹಾಕದೆ, ಕಲ್ಲು ಎಸೆಯದೆ, ಕಿಟಕಿಯಿಂದ ನೋಡಿ. ಬೆಕ್ಕೂ ಹುಲಿಯ ಕುಟುಂಬದ್ದೇ. ಯಾರ ಕಿವಿ ಮೊದಲು ಹಿಂದಕ್ಕೆ ಬಾಗಿತು? ಯಾರು ಕೂಗಿದರು? ಎಷ್ಟು ಹೊತ್ತು ನಿಂತರು? ಪಂಜ ತಾಗಿತೆ? ಹತ್ತು ರಾತ್ರಿಯ ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತಂದೆ ತಾಯಂದಿರೂ ಜೊತೆಗೆ ಕೂರಬಹುದು.

ಅಂದಹಾಗೆ, ಆ ಅಣ್ಣ ತಂಗಿ ಈಗ ತಮ್ಮ ಕಾರ್ಡುಗಳ ಮೇಲೆ ಪೆನ್ಸಿಲಿನಲ್ಲಿ ಇನ್ನೊಂದು ಸಾಲು ಸೇರಿಸಿದ್ದಾರಂತೆ: ‘ಇದರ ತಂಟೆಗೆ ಹೋದರೆ ಎಷ್ಟು ನಷ್ಟ?’ ಆ ಸಾಲನ್ನು ಕೂಗಿದಾಗ ಮುಳ್ಳುಹಂದಿಯ ಕಾರ್ಡು ಕೈಯಲ್ಲಿದ್ದವರ ಮುಖ ನೋಡಬೇಕು!